ಸಹಾಯ ಬೇಕು: ಅನುರಾಧಾ ನಕ್ಷತ್ರದ ಅನಿಲ ತಟ್ಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಅನುರಾಧಾ ನಕ್ಷತ್ರದ ಮೂರು ಚುಕ್ಕಿಗಳಲ್ಲಿ ನಡುವಿನದು ಡೆಲ್ಟಾ ಸ್ಕಾರ್ಪಿ. ಎರಡು ತಿಂಗಳಿಂದ ಅದರ ಹಿಂದೆ ಬಿದ್ದಿದ್ದೇನೆ. ತುಂಬಾ ಬಿಸಿ ನಕ್ಷತ್ರ, ಬಹಳ ಜೋರಾಗಿ ತಿರುಗುತ್ತದೆ. ಅದರಿಂದ ಹೊರಬಿದ್ದ ಅನಿಲ ಸುತ್ತಲೂ ತಟ್ಟೆಯಂತೆ ಹರಡಿಕೊಂಡಿದೆ. 2000ದಲ್ಲಿ ಅದು ಇದ್ದಕ್ಕಿದ್ದಂತೆ ಬೆಳಗಿದ್ದನ್ನು ಮೊದಲು ಗಮನಿಸಿದವರು ಅರ್ಜೆಂಟೀನಾದ ಹವ್ಯಾಸಿ ಸೆಬಾಸ್ಟಿಯನ್ ಒಟೆರೊ. ಹವ್ಯಾಸಿ ಅಂದರೆ ನಮ್ಮಂಥವರೇ ಅಲ್ವಾ!

ನನ್ನ 6 ಇಂಚಿನ ಟೆಲಿಸ್ಕೋಪಿಗೆ ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೆರೆ ಕೊರೆದ ಗಾಜು) ಹಾಕಿ ರೋಹಿತ, ಅಂದರೆ ಬಿಡಿಸಿದ ಬಣ್ಣಗಳ ಪಟ್ಟಿ, ತೆಗೆದೆ. ಅಭಿಜಿತ್ ನಕ್ಷತ್ರದಲ್ಲಿ 6563 ಆಂಗ್‌ಸ್ಟ್ರಾಮ್ (ತರಂಗಾಂತರದ ಅಳತೆ) ಹತ್ತಿರ ಕಪ್ಪು ಗೆರೆ ಬಂತು. ಡೆಲ್ಟಾ ಸ್ಕಾರ್ಪಿಯಲ್ಲಿ ಅದೇ ಜಾಗದಲ್ಲಿ ಸಣ್ಣದೊಂದು ಹೊಳೆಯುವ ಉಬ್ಬು! ತಟ್ಟೆಯ ಹೈಡ್ರೋಜನ್ ಬೆಳಕು ಅದು. ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಈಗ ತೊಂದರೆ. ಉಬ್ಬಿನ ಆಕಾರ ಬಿಡಿಸಿ ನೋಡಲು ಈ ಗ್ರೇಟಿಂಗ್ ಸಾಲದು. ತಟ್ಟೆಯ ಒಂದು ಬದಿ ನಮ್ಮ ಕಡೆಗೆ, ಇನ್ನೊಂದು ಬದಿ ಆಚೆಗೆ ಚಲಿಸುವುದರಿಂದ ಗೆರೆ ಎರಡು ಕೋಡಾಗಿ ಒಡೆಯುತ್ತದೆ. ನನಗೆ ಅದನ್ನೇ ನೋಡಬೇಕು. ಸೀಳು ಇರುವ ಸ್ಪೆಕ್ಟ್ರೋಗ್ರಾಫ್ (ರೋಹಿತ ತೆಗೆಯುವ ಉಪಕರಣ) ಯಾರ ಹತ್ತಿರವಾದರೂ ಇದೆಯಾ? ಮನೆಯಲ್ಲೇ ಮಾಡಿದವರಿದ್ದರೆ ಇನ್ನೂ ಒಳ್ಳೆಯದು. ತರಂಗಾಂತರ ಸರಿಹೊಂದಿಸಲು ನಿಯಾನ್ ಬಲ್ಬ್ ಸಾಕಾ? ವೃಶ್ಚಿಕ ಮರೆಯಾಗುವ ಮುಂಚೆ ತಿಳಿಸಿ, ದಯವಿಟ್ಟು.