ರೇಸ್ ಬಿಟ್ಟ ಕುದುರೆ ಲಗಾಮಿಗೆ ಒಗ್ಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರು ಹೊರವಲಯದಲ್ಲಿದ್ದೇವೆ. ನಮ್ಮದು 7 ವರ್ಷದ ಥರೋಬ್ರೆಡ್ (ರೇಸ್ ತಳಿ) ಹೆಣ್ಣು ಕುದುರೆ. ರೇಸ್ ಬಿಟ್ಟು ನಾಲ್ಕು ತಿಂಗಳಾಯಿತು. ಲಗಾಮು ಸ್ವಲ್ಪ ಹಿಡಿದರೂ ತಲೆ ಎತ್ತಿ ಓಡುತ್ತಾಳೆ. ಹಿಂಗಾಲು ಎಳೆದುಕೊಂಡು ಬರುತ್ತಾಳೆ. ಅನುಭವ ಇದ್ದವರು ಹೇಳಿ.

ಉತ್ತರ 1: ಅವಳ ತಪ್ಪಲ್ಲ. ರೇಸಿನಲ್ಲಿ ಜಾಕಿ ಲಗಾಮು ಬಿಗಿ ಹಿಡಿದಷ್ಟೂ ಕುದುರೆ ಅದಕ್ಕೆ ಒರಗಿ ಓಡುತ್ತೆ. ನೀವು ನಿಲ್ಲು ಅಂತೀರಿ, ಅವಳಿಗೆ ಓಡು ಅಂತ ಕೇಳಿಸುತ್ತೆ.

ಮೊದಲು ಬಾಯಿ ತೋರಿಸಿ. ನಮ್ಮ ಕುದುರೆಯನ್ನು ಮೊಂಡು ಅಂತ ಎರಡು ತಿಂಗಳು ಬೈದೆವು. ನೋಡಿದರೆ ದವಡೆ ಹಲ್ಲಿನ ಅಂಚು ಕೆನ್ನೆಯ ಒಳಗೆ ಕುಯ್ದು ಗಾಯವಾಗಿತ್ತು! ಡಾಕ್ಟರು ಅರ ಹಾಕಿ ಉಜ್ಜಿದ ಮೇಲೆ ತಲೆ ಕೊಡವುವುದು ಅರ್ಧ ನಿಂತಿತು.

ಆಮೇಲೆ 20 ಮೀಟರ್ ಸುತ್ತಿನಲ್ಲಿ ಹತ್ತು ಹೆಜ್ಜೆ ಟ್ರಾಟ್ (ನಿಧಾನದ ಓಟ), ಹತ್ತು ಹೆಜ್ಜೆ ವಾಕ್ (ನಡಿಗೆ), ಮತ್ತೆ ಟ್ರಾಟ್. ಮೊದಲು ನಿಮ್ಮ ಕಾಲಿನಿಂದ ಅವಳ ಪಕ್ಕೆ ಒತ್ತಿ, ಲಗಾಮಿನ ಕೈ ಆಮೇಲೆ. ಹೆದರಿ ಲಗಾಮು ಪೂರ್ತಿ ಸಡಿಲ ಬಿಡಬೇಡಿ, ಕಡಿವಾಣ ಬಾಯಲ್ಲಿ ಕುಲುಕಾಡಿ ಇನ್ನೂ ಕಿರಿಕಿರಿ. ವಾಕ್‌ನಲ್ಲಿ ಅವಳ ತಲೆ ತೂಗಿದಂತೆ ನಿಮ್ಮ ಮೊಣಕೈ ಹೋಗಬೇಕು. ಮೂರನೇ ವಾರ ನಮ್ಮದು ಉಸ್ಸಂತ ಉಸಿರು ಬಿಟ್ಟು ಕತ್ತು ಮುಂದೆ ಚಾಚಿತು. ಕೈಯಲ್ಲಿ ಗಾಳಿಪಟದ ದಾರ ಹಿಡಿದ ಹಾಗಿತ್ತು. ಐದೇ ಹೆಜ್ಜೆ. ಅದಕ್ಕೆ ಬಹುಮಾನ ಅಂತ ಕೂಡಲೇ ಲಗಾಮು ಬಿಟ್ಟು ಇಳಿದುಬಿಟ್ಟೆ.

ಉತ್ತರ 2: ತಲೆ ಕಟ್ಟಿ ಬಗ್ಗಿಸಿ ಅನ್ನುವವರ ಮಾತು ಕೇಳಬೇಡಿ. ನಾನು ಕೇಳಿ ಕೆಟ್ಟೆ. ಗದ್ದ ಎದೆಗೆ ಬಂತು, ಫೋಟೋ ಚೆನ್ನಾಗಿ ಬಂತು, ಹಿಂಗಾಲು ಮಾತ್ರ ಹಿಂದೆಯೇ ಉಳಿಯಿತು. ತಲೆ ನೋಡುವುದು ಬಿಟ್ಟು ಮರಳಿನಲ್ಲಿ ಬಿದ್ದ ಗೊರಸಿನ ಗುರುತು ನೋಡಿ. ಟ್ರಾಟ್‌ನಲ್ಲಿ ಹಿಂದಿನ ಗೊರಸು ಮುಂದಿನ ಗೊರಸಿನ ಗುರುತಿನ ಮೇಲೆ ಬೀಳಬೇಕು. ನಮ್ಮದು ಒಂದು ಗೇಣು ಹಿಂದೆ ಬೀಳುತ್ತಿತ್ತು. ನೆಲದಲ್ಲಿ ಗಳ ಹಾಕಿ ದಾಟಿಸಿದ ಮೇಲೆ ಸರಿಹೋಯಿತು. ಮೊದಲು ಒಂದೇ ಗಳ, ಆಮೇಲೆ ನಾಲ್ಕು. ಟ್ರಾಟ್‌ಗೆ ಸುಮಾರು 1.3 ಮೀಟರ್ ಅಂತರ, ಅವಳ ಹೆಜ್ಜೆ ನೋಡಿ ಹೆಚ್ಚುಕಮ್ಮಿ ಮಾಡಿ.

ಉತ್ತರ 3: ಜೀನೂ ನೋಡಿ. ಭುಜ ಒತ್ತುತ್ತಿದ್ದರೆ ಬೆನ್ನು ಎತ್ತುವುದೇ ಇಲ್ಲ, ಹಿಂಗಾಲು ಒಳಗೆ ಹೇಗೆ ಬಂದೀತು? ಶುರುವಿನಲ್ಲಿ ದಿನಕ್ಕೆ 20 ನಿಮಿಷ ಸಾಕು. ಸುಸ್ತಾದ ಕುದುರೆ ಕೈ ಮೇಲೆಯೇ ಭಾರ ಹಾಕುತ್ತೆ.

ಕೇಳಿದವರು: ಶನಿವಾರ ಡಾಕ್ಟರು ಬರುತ್ತಾರೆ. ಗಳಕ್ಕೆ ಅಡಿಕೆ ದಬ್ಬೆ ಆಗುತ್ತಾ? ಮನೆಯಲ್ಲಿ ಸುಮ್ನೆ ಬಿದ್ದಿವೆ.

ಉತ್ತರ 2: ಬೇಡ, ಸಿಬಿರು ಏಳುತ್ತೆ. ದಪ್ಪ ನೀಲಗಿರಿ ಗಳ ತಂದು ಸಿಪ್ಪೆ ಕೆತ್ತಿಸಿ. ಎರಡೂ ತುದಿಗೆ ಮಣ್ಣು ಕೊಡಿ, ಕಾಲು ತಾಗಿದರೆ ಉರುಳಬಾರದು.