ಡಜನ್ ಮೊಟ್ಟೆಗೆ 9.99 ಡಾಲರ್: ತಪ್ಪು ಪಂಜರದ ಕಾನೂನಿನದೋ, ಹಕ್ಕಿ ಜ್ವರದ್ದೋ?

ಸನ್ನಿವೇಲ್ ಸೊಸೆ:
2025ರ ಫೆಬ್ರವರಿಯ ಅಂಗಡಿ ಚೀಟಿಯೊಂದು ಮೊನ್ನೆ ಡ್ರಾಯರಿನಲ್ಲಿ ಸಿಕ್ಕಿತು. ಡಜನ್ ಮೊಟ್ಟೆಗೆ 9.99 ಡಾಲರ್! ಆಗ ಕಪಾಟು ಅರ್ಧ ಖಾಲಿ, ಒಬ್ಬರಿಗೆ ಎರಡೇ ಡಬ್ಬಿ. ನಮ್ಮ ಯಜಮಾನರ ಪ್ರಕಾರ ಇದೆಲ್ಲ ನಮ್ಮ ಕ್ಯಾಲಿಫೋರ್ನಿಯಾದ ಪ್ರಾಪ್ 12 ಅನ್ನೋ ಕಾನೂನಿನ ಕಾಟ. ಕೋಳಿಯನ್ನು ಪಂಜರದಿಂದ ಬಿಡಿಸಿದರು, ಅದಕ್ಕೇ ಜ್ವರ ಹಬ್ಬಿತು, ರೇಟೂ ಏರಿತು ಅಂತ. ಅದೇ ಹೊತ್ತಿಗೆ ಹೊಸಪೇಟೆಯಿಂದ ಅಮ್ಮ, "ಇಲ್ಲಿ ಹಕ್ಕಿ ಜ್ವರವಂತೆ, ಮೊಟ್ಟೆ ಕೇಳೋರೇ ಇಲ್ಲ" ಅಂದಿದ್ದಳು. ರೋಗ ಒಂದೇ, ಅಲ್ಲಿ ಇಳಿಯುತ್ತೆ, ಇಲ್ಲಿ ಏರುತ್ತೆ. ಫಾರಂ ಗೊತ್ತಿರೋರು ಬಿಡಿಸಿ ಹೇಳ್ತೀರಾ?

ಮೆಕ್ಕೆಜೋಳ:
ಕೂಡ್ಲಿಗಿ ಕಡೆ ನಮ್ಮದು ಹನ್ನೆರಡು ಸಾವಿರ ಕೋಳಿಯ ಲೇಯರ್ (ಮೊಟ್ಟೆ ಕೋಳಿ) ಫಾರಂ, ಮೇಡಂ. ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಕೋಳಿ ಸತ್ತ ಸುದ್ದಿ ಬಂದಾಗ ನಮ್ಮಲ್ಲಿ ಒಂದೂ ತಲೆ ಬಾಗಿಸಿರಲಿಲ್ಲ. ಆದರೂ ಮೂರು ದಿನ ಏಜೆಂಟ್ ಗಾಡಿ ಇತ್ತ ಸುಳಿಯಲಿಲ್ಲ. ಸಾವಿರದ ಮೇಲೆ ಟ್ರೇ, ಫೀಡ್ ರೂಮಿನ ಬಾಗಿಲು ಹಾಕೋಕೂ ಜಾಗ ಇಲ್ಲ. ಕೋಳಿಗೆ ಟಿವಿ ಸುದ್ದಿ ಗೊತ್ತಿಲ್ಲವಲ್ಲ, ಇಡ್ತಾನೇ ಇದ್ದವು.

ನಮ್ಮಲ್ಲಿ ರೋಗದ ಜಾಗದಿಂದ 1 ಕಿ.ಮೀ. ಒಳಗಿನ ಕೋಳಿ ತೆಗೀತಾರೆ, 10 ಕಿ.ಮೀ.ವರೆಗೆ ಕಣ್ಣಿಡ್ತಾರೆ. ಫಾರಂಗಳು ಸಣ್ಣವು, ಹಾಗಾಗಿ ಮೊಟ್ಟೆ ಕೊರತೆ ಕಾಣಲ್ಲ, ಜನರ ಹೆದರಿಕೆ ಕಾಣುತ್ತೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಐವತ್ತು ಲಕ್ಷದಷ್ಟು ಕೋಳಿಯ ಫಾರಂಗಳಿವೆ. ಪಾಸಿಟಿವ್ ಬಂತು ಅಂದರೆ ಅಷ್ಟನ್ನೂ ಖಾಲಿ ಮಾಡಬೇಕು. ಮತ್ತೆ ಮರಿ ಬಿಟ್ಟರೆ ಮೊದಲ ಮೊಟ್ಟೆಗೆ ಹತ್ತಿರ ಹತ್ತಿರ ಐದು ತಿಂಗಳು, ಶೆಡ್ ತೊಳೆಯೋ ದಿನ ಬೇರೆ. 2025ರ ಮಾರ್ಚಿನಲ್ಲಿ ಅಮೆರಿಕದ ಸರಾಸರಿಯೇ ಡಜನ್ನಿಗೆ 6.23 ಡಾಲರ್ ಆಗಿದ್ದು ಹೀಗೆ. ನಮ್ಮಲ್ಲಿ ಬಿದ್ದದ್ದು ಗಿರಾಕಿ, ನಿಮ್ಮಲ್ಲಿ ಬಿದ್ದದ್ದು ಕೋಳಿ.

ಇನ್ನು ಪಂಜರ. 2015ರಲ್ಲಿ ಅಲ್ಲಿ ಸುಮಾರು 5 ಕೋಟಿ ಕೋಳಿ, ಟರ್ಕಿ ಕೋಳಿ ಈ ಜ್ವರಕ್ಕೆ ಹೋದವು. ಹೆಚ್ಚು ಏಟು ತಿಂದದ್ದು ಪಂಜರದ ಫಾರಂಗಳೇ ತುಂಬಿದ್ದ ಅಯೋವಾ. ಜ್ವರ ಹೊತ್ತು ತರೋದು ಕಾಡುಬಾತು, ಶೆಡ್ಡಿನ ಒಳಗೆ ಒಯ್ಯೋದು ಬಹಳ ಸಲ ನಾವೇ. ಚಪ್ಪಲಿ, ಹಳೇ ಟ್ರೇ, ಲಾರಿ ಟೈರು.

ಸನ್ನಿವೇಲ್ ಸೊಸೆ:
ಹಾಗಾದರೆ ರೇಟಿನಲ್ಲಿ ಪ್ರಾಪ್ 12ರ ಪಾಲು ಏನೂ ಇಲ್ಲವೇ? ಯಜಮಾನರು ಹಿಂದೆಯೇ ನಿಂತಿದ್ದಾರೆ.

ಸ್ಯಾಕ್ರಮೆಂಟೊ ಮಾವ:
ಇದೆಯಮ್ಮ. 2018ರಲ್ಲಿ ಜನ ಮತ ಹಾಕಿ ತಂದದ್ದು. 2022ರ ಜನವರಿಯಿಂದ ಪಂಜರದ ಕೋಳಿಯ ಮೊಟ್ಟೆ, ಯಾವ ರಾಜ್ಯದ್ದಾದರೂ ಸರಿ, ಇಲ್ಲಿ ಮಾರುವಂತಿಲ್ಲ. ನಮ್ಮ ಫಾರಂಗಳು ಖಾಲಿಯಾದಾಗ ಪಕ್ಕದ ಮನೆಯಲ್ಲಿ ಮೊಟ್ಟೆ ಇದ್ದರೂ ಕೈಸಾಲ ತರಲಾಗದ ಸ್ಥಿತಿ. ಪಕ್ಕದ ನೆವಾಡಾ ರಾಜ್ಯದವರು ತಮ್ಮ ಇಂಥದ್ದೇ ಕಾನೂನನ್ನು 2025ರ ಫೆಬ್ರವರಿಯಲ್ಲಿ 120 ದಿನ ತಡೆಹಿಡಿದರು. ಜ್ವರ ತಂದದ್ದು ಕಾನೂನಲ್ಲ, ರೇಟಿಗೆ ಒಂದು ಮೆಟ್ಟಿಲು ಹಾಕಿಕೊಟ್ಟಿತು, ಅಷ್ಟೇ. ನಿಮ್ಮ ಯಜಮಾನರಿಗೆ ಅರ್ಧ ಮಾರ್ಕು.

ಮೆಕ್ಕೆಜೋಳ:
ಒಪ್ಪಿದೆ ಸರ್. ಆದರೆ ನನ್ನ ಕಣ್ಣು ಪರಿಹಾರದ ನಿಯಮದ ಮೇಲೆ. ಅಲ್ಲೂ ಇಲ್ಲೂ ದುಡ್ಡು ಸಿಗೋದು ಸರ್ಕಾರ ಕೊಲ್ಲಿಸಿದ ಕೋಳಿಗೆ, ತಾನಾಗಿ ಸತ್ತದ್ದಕ್ಕಲ್ಲ. ಬೇಗ ಬಾಯಿ ಬಿಟ್ಟವನಿಗೆ ನಷ್ಟ ಕಮ್ಮಿ. 2024ರ ಡಿಸೆಂಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ಇನ್ನೊಂದು ಬಿಗಿ ಹಾಕಿತು. ಒಮ್ಮೆ ಜ್ವರ ಬಂದ ಫಾರಂ ಮತ್ತೆ ಕೋಳಿ ತುಂಬೋ ಮೊದಲು ಸ್ವಚ್ಛತೆ, ಓಡಾಟದ ಕಟ್ಟುಪಾಡು ಎಲ್ಲ ತಪಾಸಣೆಯಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ಮುಂದಿನ ಸಲ ಪರಿಹಾರ ಇಲ್ಲ. ಜ್ವರ ತಡೆಯೋ ನಿಯಮ ಅಂದರೆ ಇದು.

ನಮ್ಮ 2023ರ ನಿಯಮದಲ್ಲಿ ಪಂಜರದ ಕೋಳಿಗೆ 550 ಚದರ ಸೆಂ.ಮೀ. ಜಾಗ, ಎ4 ಹಾಳೆಗಿಂತ ಚಿಕ್ಕದು. ಅದನ್ನು ಟೇಪ್ ಹಿಡಿದು ಅಳೀಬಹುದು. ಗೇಟಿನಲ್ಲಿ ಕಾಲು ಅದ್ದೋ ತೊಟ್ಟಿಯನ್ನು ದಿನಾ ಯಾರು ನೋಡ್ತಾರೆ? ನಮ್ಮ ತೊಟ್ಟಿಯ ಔಷಧ ನೀರು ಬೇಸಿಗೆಗೆ ಆರಿ, ಗೊಬ್ಬರದ ಲಾರಿಯವನು ಮೇಲೆ ಹಲಗೆ ಹಾಕ್ಕೊಂಡು ದಾಟ್ತಿದ್ದ. ಮೂರು ತಿಂಗಳು ನಾನೂ ಅದೇ ಹಲಗೆ ಮೇಲೆ ಓಡಾಡಿದೀನಿ. ಕುರೆಕುಪ್ಪದ ಸುದ್ದಿ ಬಂದ ಸಂಜೆಯೇ ತೆಗೆಸಿದೆ. ಈಗ ಅವನು ಬೈಕೊಂಡೇ ಕಾಲು ಅದ್ದಿ ಬರ್ತಾನೆ.