ಬೆಟ್ಟಿ ವೀಡರ್ ಅಂಕಣಗಳಿಗೆ ಸೂಚಿ ಮಾಡೋದು ಹೇಗೆ?

ಸೂಚಿಪುಟ:
‘ಮಸಲ್ ಅಂಡ್ ಫಿಟ್‌ನೆಸ್’ ಅನ್ನೋ ಅಮೆರಿಕದ ಬಾಡಿಬಿಲ್ಡಿಂಗ್ ಪತ್ರಿಕೆಯಲ್ಲಿ ಬೆಟ್ಟಿ ವೀಡರ್ ಬರೆದ ‘ಬಾಡಿ ಬೈ ಬೆಟ್ಟಿ’, ‘ಹೆಲ್ತ್ ಬೈ ಬೆಟ್ಟಿ’ ಅಂಕಣಗಳಿಗೆ ಸಂಚಿಕೆವಾರು ಸೂಚಿ (ಇಂಡೆಕ್ಸ್) ಬೇಕು. ಹುಡುಕಿದರೆ ಬರೋದೆಲ್ಲ ಅವರ 1950ರ ದಶಕದ ಪಿನ್‌ಅಪ್ (ಗ್ಲಾಮರ್ ಮಾಡೆಲಿಂಗ್) ಫೋಟೋಗಳೇ. ಇನ್ನು ಪುಟ ಸ್ಕ್ಯಾನ್ ಮಾಡಿದರೆ ಚಿತ್ರದ ಮೇಲೆ ಅಲೆ ಅಲೆ ಗೆರೆ. ಏನು ಮಾಡಲಿ?

ಹಳೇಸಂಪುಟ:
ತೊಡಕಿರೋದು ಹೆಸರಲ್ಲಿ. 1961ರಲ್ಲಿ ಈ ಪತ್ರಿಕೆಯ ಪ್ರಕಾಶಕ ಜೋ ವೀಡರ್ ಅವರನ್ನು ಮದುವೆಯಾಗೋ ತನಕ ಬೆಟ್ಟಿಯ ಹೆಸರು ಬೆಟ್ಟಿ ಬ್ರಾಸ್ಮರ್. ಆ ಹೆಸರಲ್ಲಿ ಮಾಡೆಲ್ ಸಿಗ್ತಾರೆ, ಲೇಖಕಿ ಸಿಗಲ್ಲ. ಎರಡೂ ಹೆಸರಿಗೆ ನಮೂದು ಇಟ್ಟು, ಒಂದರಿಂದ ಇನ್ನೊಂದಕ್ಕೆ ‘ನೋಡಿ’ ಅಂತ ಹಾಕಿ.

ಪತ್ರಿಕೆಯ ಹೆಸರೂ ಒಂದೇ ಅಲ್ಲ: ‘ಮಸಲ್ ಬಿಲ್ಡರ್’ 1980ರಲ್ಲಿ ‘ಮಸಲ್ ಅಂಡ್ ಫಿಟ್‌ನೆಸ್’ ಆಯ್ತು. 1981ರಲ್ಲಿ ಶುರುವಾದ, ಹೆಂಗಸರ ‘ಶೇಪ್’ ಬೇರೆ. ಅದನ್ನು ಇದರ ಜೊತೆ ಕಲಸಬೇಡಿ. ಅದೇ ವರ್ಷದ ಮಹಿಳಾ ಬಾಡಿಬಿಲ್ಡಿಂಗ್ ಪುಸ್ತಕಕ್ಕೆ ಗಂಡ ಹೆಂಡತಿ ಇಬ್ಬರೂ ಲೇಖಕರು. ‘ವೀಡರ್, ಜೋ’ ಅಂತಷ್ಟೇ ಬರೆದ ಕ್ಯಾಟಲಾಗ್ ನಂಬಿದರೆ ಬೆಟ್ಟಿ ಕೈತಪ್ಪುತ್ತಾರೆ.

ಪ್ರತಿ ನಮೂದಿಗೂ ಮುಖಪುಟದ ತಿಂಗಳು, ಪುಟ, ಅಂಕಣದ ಹೆಸರು, ಆ ಸಲದ ಶೀರ್ಷಿಕೆ, ವಿಷಯ. ಪತ್ರಿಕೆ ಅಂಗಡಿಗೆ ಬಂದ ದಿನ ಮುಖಪುಟದ ತಿಂಗಳಿಗಿಂತ ಹಿಂದಿರುತ್ತೆ, ಅದನ್ನು ಬರೆದರೆ ಲೆಕ್ಕ ತಪ್ಪುತ್ತೆ. ಆರ್ನಾಲ್ಡ್ ಶ್ವಾರ್ಜ್‌ನೆಗರ್ ಜೊತೆ ಬೆಟ್ಟಿ ನಿಂತಿರೋವಂಥ ಮುಖಪುಟಗಳಿಗೆ ‘ಚಿತ್ರ’ ಅಂತ ಬೇರೆ ಕಾಲಂ ಇರಲಿ. ಇಲ್ಲದಿದ್ದರೆ ಬರಹದ ಎಣಿಕೆ ಸುಮ್ಮನೆ ಉಬ್ಬುತ್ತೆ.

ಸ್ಕ್ಯಾನರ್‌ಗುರು:
ಆ ಅಲೆಗೆ ಮೊಯಿರೇ ಅಂತಾರೆ. ಅಚ್ಚಿನ ಚುಕ್ಕಿ ಸಾಲಿಗೂ ಸ್ಕ್ಯಾನರ್‌ನ ಪಿಕ್ಸೆಲ್ ಸಾಲಿಗೂ ತಾಳ ತಪ್ಪಿದಾಗ ಬರುತ್ತೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಡೀಸ್ಕ್ರೀನ್ (ಅಚ್ಚಿನ ಚುಕ್ಕಿ ಅಳಿಸೋ ಫಿಲ್ಟರ್) ಕೊಟ್ಟು, ಆಮೇಲೆ 300ಕ್ಕೆ ಇಳಿಸಿ. ಮೊದಲೇ 300ರಲ್ಲಿ ತೆಗೆದ ಪುಟದ ಅಲೆ ನೀಟಾಗಿ ಹೋಗೋದು ಕಷ್ಟ. ಪುಟದ ಹಿಂದೆ ಕಪ್ಪು ಹಾಳೆ ಇಡಿ, ಆಚೆ ಬದಿಯ ಅಕ್ಷರ ಇಣುಕಲ್ಲ. ಪಿನ್ ತುಕ್ಕು ಹಿಡಿದಿದ್ದರೆ ಸಂಚಿಕೆಯನ್ನು ಗಾಜಿಗೆ ಒತ್ತಬೇಡಿ, ನಡುವಿನ ಹಾಳೆ ಅಲ್ಲೇ ಕಿತ್ತು ಬರುತ್ತೆ.

ಹಕ್ಕುಪತ್ರ:
ಪೂರ್ತಿ ಪುಟ ಆನ್‌ಲೈನ್‌ಗೆ ಹಾಕಬೇಡಿ. ಅಮೆರಿಕದಲ್ಲಿ 1964ರಿಂದ 1977ರವರೆಗೆ ಕಾಪಿರೈಟ್ ಸೂಚನೆಯೊಂದಿಗೆ ಅಚ್ಚಾದದ್ದಕ್ಕೆ 95 ವರ್ಷ ರಕ್ಷಣೆ ಇದೆ. ಸೂಚಿಗೆ ಅಡ್ಡಿಯಿಲ್ಲ.

ಸೂಚಿಪುಟ:
ಡೀಸ್ಕ್ರೀನ್ ಕೊಟ್ಟರೆ ಸಣ್ಣಕ್ಷರ ಕಲಸಿಹೋಗ್ತಿದೆ. ಒಂದೇ ಪುಟ ಎರಡು ಸಲ ಸ್ಕ್ಯಾನ್ ಮಾಡಬೇಕಾ?

ಸ್ಕ್ಯಾನರ್‌ಗುರು:
ಬೇಡ. ಸ್ಕ್ಯಾನರ್‌ನಲ್ಲಿ ಡೀಸ್ಕ್ರೀನ್ ಆಫ್ ಮಾಡಿ, 600ರ ಕಚ್ಚಾ ಟಿಫ್ (ಗುಣಮಟ್ಟ ಕಳೆಯದ ಚಿತ್ರ ಫೈಲ್) ಒಂದೇ ಸಲ ತೆಗೆದಿಡಿ. ಓಸಿಆರ್‌ಗೆ (ಚಿತ್ರದಲ್ಲಿನ ಅಕ್ಷರ ಓದೋ ತಂತ್ರಾಂಶ) ಅದನ್ನೇ ಕೊಡಿ. ಡೀಸ್ಕ್ರೀನ್ ಅದರ ನಕಲಿನ ಮೇಲೆ, ಅದೂ ಫೋಟೋ ಇರೋ ಭಾಗಕ್ಕಷ್ಟೇ.